ಆರು ಚಾಪೆಯ ರೂಮು

ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ರೂಮು ನೋಡಲು ಬಂದವರು ಮೊದಲು ಕೇಳುವುದು, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು. ಆಮೇಲೆ ಕೇಳುವುದು, ಎಷ್ಟು ಚಾಪೆ ಎಂದು. ಚದರಡಿಯ ಲೆಕ್ಕವೆಲ್ಲ ಐಟಿ ಪಾರ್ಕಿನ ಕಾಂಪೌಂಡಿನ ಆಚೆಗೆ. ಈಚೆಗೆ ಚಾಪೆಯದೇ ಲೆಕ್ಕ. ಮೂರು ಚಾಪೆ ರೂಮು ಎಂದರೆ ಗಂಡ, ಹೆಂಡತಿ, ಒಂದು ಮಗು. ನಾಲ್ಕು ಚಾಪೆ ಎಂದರೆ ಊರಿಂದ ಅತ್ತೆ ಬಂದು ಹದಿನೈದು ದಿನ ಕೂತರೂ ಸಂಸಾರ ಮುರಿಯುವುದಿಲ್ಲ.

ಈ ಅಳತೆಯನ್ನು ಚಾಲ್ತಿಗೆ ತಂದವನು ಯಮನೂರ. ಕುಷ್ಟಗಿ ಕಡೆಯವನು. ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ. ಹಳೆಯ ಸ್ಕೂಟರಿನ ಹಿಂದೆ ಕೆಂಪು-ಹಸಿರು ಪಟ್ಟೆಯ ಪ್ಲಾಸ್ಟಿಕ್ ಚಾಪೆಯೊಂದನ್ನು ಸುತ್ತಿ ಕಟ್ಟಿಕೊಂಡು ಸಿಂಗಸಂದ್ರದಿಂದ ಮಾದನಾಯಕನಹಳ್ಳಿಯವರೆಗೂ ಓಡಾಡುತ್ತಾನೆ. ಸಿಗ್ನಲ್ಲಿನಲ್ಲಿ ನಿಂತಾಗ ಹೆಂಗಸರು ಚಾಪೆಯ ರೇಟು ಕೇಳಿದ್ದುಂಟು. ಒಬ್ಬಾಕೆ ಅವನು ಮಾರುವುದಿಲ್ಲ ಎಂದದ್ದಕ್ಕೆ, ಚೌಕಾಸಿಯ ಹೊಸ ವರಸೆ ಎಂದುಕೊಂಡು ಹಸಿರು ದೀಪ ಬರುವವರೆಗೂ ರೇಟು ಏರಿಸುತ್ತಲೇ ಹೋದಳಂತೆ.

ಅವನ ಕಸುಬು ಫೋಟೋ ತೆಗೆಯುವುದು. ಮದುವೆಯದಲ್ಲ, ನಾಮಕರಣದ್ದಲ್ಲ, ಖಾಲಿ ರೂಮಿನ ಫೋಟೋ.

ಎಂಟು ವರ್ಷದ ಹಿಂದೆ ಅವನು ಬೆಂಗಳೂರಿಗೆ ಬಂದದ್ದು ಸೆಂಟ್ರಿಂಗ್ ಕೆಲಸಕ್ಕೆ, ಅಂದರೆ ಛಾವಣಿಗೆ ಕಾಂಕ್ರೀಟು ಸುರಿಯುವ ಮೊದಲು ಹಲಗೆ, ಕಂಬ ಕಟ್ಟಿ ನಿಲ್ಲಿಸುವ ಕೆಲಸಕ್ಕೆ. ಎರಡನೇ ಮಹಡಿಯ ಸಾರುವೆಯಿಂದ ಬಿದ್ದು ಕಾಲು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಮನಸ್ಸಿಲ್ಲದೆ ಒಪ್ಪಿಕೊಂಡ ಸಂಬಂಧದಂತೆ. ಸಾರುವೆ ಹತ್ತುವುದು ಅಲ್ಲಿಗೆ ಮುಗಿಯಿತು. ಉಳಿದದ್ದು ಕಣ್ಣು. ತೂಗುಗುಂಡು ಇಳಿಬಿಡದೆಯೇ ಗೋಡೆ ಯಾವ ಕಡೆಗೆ ಎಷ್ಟು ವಾಲಿದೆ ಎಂದು ಹೇಳುವ ಕಣ್ಣು.

ಆಗ ಅವನಿದ್ದದ್ದು ಶ್ಯಾಮಣ್ಣನ ರೂಮಿನಲ್ಲಿ. ಶ್ಯಾಮಣ್ಣ ಅಗ್ರಹಾರದ ಹಳೆಯ ಕುಳ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಬೆಳೆಯುತ್ತಾನೆ. ಮಳೆ ಬೇಡ, ಗೊಬ್ಬರ ಬೇಡ, ತಿಂಗಳಿಗೊಂದು ಕೊಯ್ಲು. ಕಾಲು ಚಾಚಿ ಕೂತಿದ್ದ ಯಮನೂರನನ್ನು ನೋಡಿ, "ಸುಮ್ಕೆ ಕುಂತಿದ್ದೀಯಲ್ಲ, ನನ್ ಖಾಲಿ ರೂಮಿಂದು ಫೋಟೋ ಇಡ್ದು ನಿಮ್ಮೂರೋರಿಗೆ ಕಳ್ಸ್ಲಾ. ಬಂದೋರ್ ಲೆಕ್ಕದಾಗೆ ನಿಂಗೂ ಏನಾರಾ ಕೊಡಾನ" ಎಂದ.

ಕಳಿಸಿದ. ಫೋನಿನಲ್ಲಿ ಅಗಲ ಮಾಡಿ ತೋರಿಸುವ ಒಂದು ಗುಂಡಿ ಇತ್ತು, ಒತ್ತಿದ. ಕೋಳಿಗೂಡಿನಂತಿದ್ದ ರೂಮು ಕಲ್ಯಾಣ ಮಂಟಪವಾಯಿತು. ಆ ಫೋಟೋ ನೋಡಿ ಮಲಕಪ್ಪ ಎಂಬವನು ಕುಷ್ಟಗಿಯಿಂದ ಹೆಂಡತಿ, ತಾಯಿ, ಮೂರು ಮಕ್ಕಳು, ಎರಡು ಟ್ರಂಕು ಕಟ್ಟಿಕೊಂಡು ಬಂದಿಳಿದ. ಬಾಗಿಲು ತೆಗೆದು ನೋಡಿದ. ಒಳಗೆ ಹೋಗಿ ನೆಲದ ಮೇಲೆ ಅಂಗಾತ ಮಲಗಿದ. ಆಳು ಸ್ವಲ್ಪ ಉದ್ದ. ತಲೆ ಗೋಡೆಗೆ ತಾಗಿತು, ಪಾದ ಎರಡೂ ಹೊಸ್ತಿಲಾಚೆ ಉಳಿದವು. ಹಾಗೇ ಮಲಗಿಕೊಂಡು ಹೇಳಿದ: "ಯಮನೂರ, ಇದು ನಮಗಾಗಂಗಿಲ್ಲೋ. ಆ ಫೋಟೋದಾಗಿನ ರೂಮ್ ಭಾಳ ಚಲೋ ಐತಿ. ಅದರಾಗ ನೀನ ಹೋಗಿ ಮಲ್ಕೊ."

ಮಲಕಪ್ಪ ಮರುಬಸ್ಸಿಗೆ ಹೋದ. ಊರಲ್ಲಿ ಆ ಮಾತು ಅವನಿಗಿಂತ ಮೊದಲೇ ತಲುಪಿತ್ತು. ಆರು ತಿಂಗಳು ಯಮನೂರ ಜಾತ್ರೆಗೂ ಹೋಗಲಿಲ್ಲ.

ಚಾಪೆ ಹುಟ್ಟಿದ್ದು ಅದಾದ ಮೇಲೆ. ಆರಡಿ ಉದ್ದ, ಮೂರಡಿ ಅಗಲ. ರೂಮಿನ ಮಧ್ಯೆ ಅದನ್ನು ಹಾಸಿ, ಬಾಗಿಲಲ್ಲಿ ನಿಂತು, ಅಗಲ ಮಾಡುವ ಗುಂಡಿ ಮುಟ್ಟದೆ ಒಂದು ಫೋಟೋ. ಆಮೇಲೆ ಚಾಪೆಯನ್ನು ಗೋಡೆಯಿಂದ ಗೋಡೆಗೆ ಸರಿಸುತ್ತ ಎಷ್ಟು ಹಿಡಿಯುತ್ತದೆ ಎಂದು ಎಣಿಸಿ, ಫೋಟೋದ ಕೆಳಗೆ ಬರೆಯುವುದು. ಚದರಡಿ ಎಂದರೆ ಊರಿನವರಿಗೆ ಎಂಜಿನಿಯರು ಸುಳ್ಳು ಹೇಳುವ ಭಾಷೆ. ಚಾಪೆ ಎಂದರೆ ಮೈಗೆ ಗೊತ್ತು. ಶ್ಯಾಮಣ್ಣ ಮೊದಲ ಸಲ ನೋಡಿದಾಗ ಬಿದ್ದು ಬಿದ್ದು ನಕ್ಕಿದ್ದ: "ಲೇ, ಆರಡಿ ಮೂರಡಿ ಅಂದ್ರೆ ಎಣ ಊಳೋ ಗುಂಡಿ ಲೆಕ್ಕ ಕಣ್ಲಾ! ಅದ್ರ ಮ್ಯಾಕೆ ನಿನ್ ಎಸ್ರು ಬ್ಯಾರೆ ಯಮ. ಯಾವೋನ್ ಬತ್ತಾನೆ?"

ಬಂದರು. ಯಮನೂರನ ವಾಟ್ಸಾಪ್ ಗುಂಪಿನಲ್ಲಿ ಈಗ ಕುಷ್ಟಗಿ, ಲಿಂಗಸೂಗೂರು, ಸಿಂಧನೂರಿನವರು ಸೇರಿ ಆರುನೂರು ಚಿಲ್ಲರೆ ಜನ. ರೂಮು ನೋಡದೆಯೇ, ಚಾಪೆ ನೋಡಿ ಅಡ್ವಾನ್ಸು ಹಾಕುತ್ತಾರೆ. ಮಲಕಪ್ಪನೂ ಇದ್ದಾನೆ, ಎರಡನೇ ಸಲ ನಾಲ್ಕು ಚಾಪೆ ರೂಮು ನೋಡಿ ಬಂದವನು ಈಗಲೂ ಸಿಂಗಸಂದ್ರದಲ್ಲಿದ್ದಾನೆ.

ಸುಳ್ಳು ಬಿಟ್ಟರೆ ಸಾಕು, ಫೋಟೋ ಹೇಗಿದ್ದರೂ ನಡೆಯುತ್ತದೆ ಎಂದುಕೊಂಡಿದ್ದ ಅವನಿಗೆ ಇನ್ನರ್ಧ ಪಾಠ ಹೇಳಿದವಳು ಶ್ಯಾಮಣ್ಣನ ಹೆಂಡತಿ ಭದ್ರಮ್ಮ. ಮೇಲಿನ ಮಹಡಿಯ ಒಂದು ಒಳ್ಳೆಯ ರೂಮಿನ ಫೋಟೋವನ್ನು ಅವನು ಸಂಜೆ ಮಬ್ಬಿನಲ್ಲಿ, ಎಣ್ಣೆ ಬೆರಳು ತಾಗಿದ ಲೆನ್ಸಿನಲ್ಲಿ ತೆಗೆದು ಹಾಕಿದ್ದ. ಭದ್ರಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದೇನಪ್ಪಾ, ನನ್ ರೂಮು ಪೊಲೀಸ್ ಠಾಣೆ ಲಾಕಪ್ಪಿನಂಗೆ ಕಾಣ್ತದೆ! ಇಲ್ಲದ್ದ ತೋರ್ಸ್ಬ್ಯಾಡ, ಸರಿ. ಇರದ್ನಾರಾ ತೋರ್ಸು. ಮೂರೊತ್ತು ಬಿಸ್ಲು ಬೀಳೋ ರೂಮು ಅದು. ಮಬ್ಬು ಮಾಡಿ ತೋರ್ಸದೂ ಸುಳ್ಳೇಯಾ" ಎಂದಳು.

ಅಂದಿನಿಂದ ಅವನು ಲೆನ್ಸನ್ನು ಬನಿಯನ್ನಿನ ತುದಿಯಿಂದ ಒರೆಸದೆ ಫೋಟೋ ತೆಗೆದವನಲ್ಲ. ಅಗ್ರಹಾರದ ಕಟ್ಟಡಗಳು ಒಂದರ ಕಿವಿಯಲ್ಲಿ ಇನ್ನೊಂದು ಗುಟ್ಟು ಹೇಳುವಷ್ಟು ಹತ್ತಿರ. ಯಾವ ಸಂದಿನಿಂದ ಯಾವ ರೂಮಿಗೆ ಎಷ್ಟು ಗಂಟೆಗೆ ಬೆಳಕು ಬೀಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಆ ಹೊತ್ತಿಗೇ ಹೋಗಿ ಕಾಯುತ್ತಾನೆ. ಬೆಳಕೇ ಬೀಳದ ರೂಮಾದರೆ ಟ್ಯೂಬ್‌ಲೈಟು ಉರಿಸಿ, ಅದೂ ಫೋಟೋದೊಳಗೆ ಕಾಣುವಂತೆ ತೆಗೆದು, 'ಹಗಲೂ ಲೈಟ್ ಬೇಕು' ಎಂದು ಬರೆಯುತ್ತಾನೆ. ಗೋಡೆಗಳು ಅವನ ಫೋಟೋದಲ್ಲಿ ನೆಟ್ಟಗೆ ನಿಲ್ಲುತ್ತವೆ. ನೆಟ್ಟಗಿಲ್ಲದ ಗೋಡೆ ಎಷ್ಟು ವಾಲಿದೆಯೋ ಅಷ್ಟೇ ವಾಲಿರುತ್ತದೆ. ಬಚ್ಚಲಿನ ಬಾಗಿಲು ತೆರೆದೇ ಇರಬೇಕು. ನಲ್ಲಿಯಡಿ ಬಕೆಟ್ ಇಟ್ಟು, ನೀರು ಬೀಳುತ್ತಿರುವಾಗ ಒಂದು ಫೋಟೋ. ಮಾಲೀಕರು ಗೊಣಗುತ್ತಾರೆ. ಆದರೆ ಅವನು ಫೋಟೋ ಹಾಕಿದ ರೂಮು ವಾರದೊಳಗೆ ತುಂಬುತ್ತದೆ, ತುಂಬಿದವರು ಬಿಟ್ಟು ಹೋಗುವುದಿಲ್ಲ. ಗೊಣಗುವ ಗಿರಾಕಿಯೇ ಕಾಯಂ ಗಿರಾಕಿ.

ಹೀಗಿದ್ದವನಿಗೆ ಪೆಟ್ಟು ಬಿದ್ದದ್ದು ಸ್ವಂತ ಮನೆಯಲ್ಲೇ, ರೊಟ್ಟಿಯ ಹಂಚಿನಿಂದ.

ಆ ಚಾಪೆಯ ಮೇಲೆ ಮನೆಯಲ್ಲಿ ಯಾರೂ ಕೂರುವಂತಿರಲಿಲ್ಲ. ಅದು ಮೂಲೆಯಲ್ಲಿ ಸುತ್ತಿಕೊಂಡು ನಿಂತಿರುತ್ತಿತ್ತು. ಹೆಂಡತಿ ಸವಿತಾ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದಳು. ಒಂದು ಭಾನುವಾರ ಯಮನೂರ ಹೊರಗೆ ಹೋಗಿದ್ದಾಗ ಅವಳ ಅಣ್ಣ ಇರಣ್ಣ ಸಂಸಾರ ಸಮೇತ ಊಟಕ್ಕೆ ಬಂದ. ಕೂರಿಸಲು ಚಾಪೆ ಸಾಲಲಿಲ್ಲ. ಒಂದು ದಿನ ಸವತಿಯೂ ಕೆಲಸ ಮಾಡಲಿ ಎಂದು ಸವಿತಾ ಅದನ್ನು ಬಿಚ್ಚಿ ಹಾಸಿದಳು. ಊಟದ ಗಡಿಬಿಡಿಯಲ್ಲಿ ಒಲೆಯಿಂದ ಇಳಿಸಿದ ಕಾದ ಹಂಚನ್ನು ಅದರ ತುದಿಯ ಮೇಲೇ ಇಟ್ಟಳು. ಎತ್ತುವಷ್ಟರಲ್ಲಿ ಜೋಳದ ರೊಟ್ಟಿಯಷ್ಟೇ ದುಂಡಗೆ ತೂತು ಬಿದ್ದಿತ್ತು.

ಹೇಳಿದ್ದರೆ ಒಂದು ಸಂಜೆಯ ಜಗಳ. ಅವಳು ಹೇಳಲಿಲ್ಲ. ಸುಟ್ಟ ತುದಿಯನ್ನು ಸರಿಯಾಗಿ ಒಂದಡಿ ಕತ್ತರಿಸಿದಳು, ಅದರ ಅಂಚಿನ ಪಟ್ಟಿಯನ್ನೇ ಬಿಚ್ಚಿ ಹೊಸ ತುದಿಗೆ ಹೊಲಿದಳು. ಗಾರ್ಮೆಂಟ್ಸಿನಲ್ಲಿ ಆರು ವರ್ಷ ಅಂಚು ಹೊಲಿದ ಕೈ. ಕಂಪನಿಯ ಚಾಪೆಗಿಂತ ಚೆನ್ನಾಗಿತ್ತು. ಹೇಗೂ ಫೋಟೋದಲ್ಲಿ ಕೂರುವ ಚಾಪೆ, ಮಲಗುವುದಲ್ಲವಲ್ಲ, ಒಂದಡಿಗೆ ಏನಾದೀತು ಎಂದುಕೊಂಡು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದಳು. ಸುತ್ತಿ ನಿಲ್ಲಿಸಿದ ಚಾಪೆಯ ಎತ್ತರ ಅದರ ಅಗಲ ತಾನೆ? ಅದು ಮೂರಡಿ ಇದ್ದದ್ದು ಮೂರಡಿಯೇ ಇತ್ತು. ಗಂಡನಿಗೆ ಗೊತ್ತಾಗಲಿಲ್ಲ. ತಕ್ಕಡಿ ಕೆಟ್ಟರೆ ಗಿರಾಕಿಗೆ ಮೊದಲು ಗೊತ್ತಾಗುತ್ತದೆ, ಅಂಗಡಿಯವನಿಗೆ ಕೊನೆಗೆ.

ಅದೇ ವಾರ ಶ್ಯಾಮಣ್ಣನ ಹಿತ್ತಲಿನ ಹೊಸ ಕಟ್ಟಡ ಮುಗಿಯಿತು. ಪ್ಲಾನಿನಲ್ಲಿ ಹತ್ತು ರೂಮು, ಒಂದೊಂದೂ ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲ. ಗೋಡೆ ಏಳುವ ಹೊತ್ತಿಗೆ ಶ್ಯಾಮಣ್ಣ ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ್ದ. ಅದೇ ಜಾಗದಲ್ಲಿ ರೂಮು ಹನ್ನೆರಡಾಗಿದ್ದವು. ಹನ್ನೆರಡೂ ಒಂದೇ ಅಚ್ಚು, ಹತ್ತಡಿ ಉದ್ದ. ಯಮನೂರನಿಗೆ ಮಾತ್ರ ಪ್ಲಾನಿನ ಕಾಗದ ತೋರಿಸಿ, "ಅನ್ನೆರಡಡಿ ಕಣ್ಲಾ, ನೋಡ್ಕೊ" ಎಂದ. ಹೇಳುವಾಗಲೇ ಅವನಿಗೆ ಗೊತ್ತಿತ್ತು, ಈ ಕುಂಟನು ಚಾಪೆ ಹಾಸಿದ ಕೂಡಲೇ ಬಂಡವಾಳ ಬಯಲಾಗುತ್ತದೆ ಎಂದು.

ಯಮನೂರ ಒಳಗೆ ಕಾಲಿಟ್ಟಾಗ ಅವನ ಕಣ್ಣು, ರೂಮು ಚಿಕ್ಕದು ಎಂದಿತು. ಬರಿಯ ಸಿಮೆಂಟಿನ ನೆಲ. ಎಣಿಸಲು ಟೈಲ್ಸೂ ಇಲ್ಲ. ಚಾಪೆ ಹಾಸಿದ. ಉದ್ದಕ್ಕೆ ಒಂದು; ಸರಿಸಿದ, ಇನ್ನೊಂದು. ಗೋಡೆಯಿಂದ ಗೋಡೆಗೆ ಎರಡು ಚಾಪೆ, ಒಂದು ಬೆರಳೂ ಹೆಚ್ಚು ಕಡಿಮೆಯಿಲ್ಲ. ಅಗಲಕ್ಕೆ ಮೂರು. ಆರು ಚಾಪೆ! ಕಣ್ಣು ಇನ್ನೊಮ್ಮೆ, ಚಿಕ್ಕದು ಎಂದಿತು. ವಯಸ್ಸಾಯಿತೇನೋ ಎಂದು ಅವನು ಕಣ್ಣನ್ನು ಗದರಿಸಿ, ಚಾಪೆಯನ್ನು ನಂಬಿದ.

ಬಾಗಿಲಲ್ಲಿ ನಿಂತಿದ್ದ ಶ್ಯಾಮಣ್ಣನ ಬಾಯಿ ಸ್ವಲ್ಪ ತೆರೆದುಕೊಂಡಿತು. ಹತ್ತಡಿಯಲ್ಲಿ ಆರಡಿಯ ಎರಡು ಚಾಪೆ! ಆಮೇಲೆ ನಿಧಾನವಾಗಿ ಅವನ ಮುಖದಲ್ಲಿ ಒಂದು ವಾತ್ಸಲ್ಯ ಮೂಡಿತು. ಎಂಟು ವರ್ಷದಿಂದ ಇವನಿಗೆ ಬರದಿದ್ದ ಬುದ್ಧಿ ಇವತ್ತು ಬಂದಿದೆ ಎಂದುಕೊಂಡ. "ಬಾರ್ಲಾ ಯಮ, ಊಟ ಮಾಡ್ಕಂಡು ಓಗು" ಎಂದು ಒಳಗೆ ಕರೆದು ಕೂರಿಸಿ, ಮುದ್ದೆ, ನಾಟಿಕೋಳಿ ಸಾರು ಬಡಿಸಿಸಿದ. ತೊಡೆಯ ತುಂಡನ್ನು ತಾನೇ ಹಾಕಿದ. ಯಮನೂರನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದ ಊಟವೂ ರುಚಿಯಾಗಿಯೇ ಇತ್ತು.

ಆರು ಚಾಪೆ ರೂಮು, ಅದೂ ಆ ಬಾಡಿಗೆಗೆ, ಎಂದು ಗುಂಪಿನಲ್ಲಿ ಫೋಟೋ ಬಿದ್ದ ಗಂಟೆಯೊಳಗೆ ಮೊದಲ ಫೋನು ರುಕ್ಮವ್ವನದು. ಲಿಂಗಸೂಗೂರಿನವಳು, ಐವತ್ತರ ಹತ್ತಿರ. ಮಾದನಾಯಕನಹಳ್ಳಿಯಲ್ಲಿ ಮೂವರು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಬಡಿದು ಪೀಣ್ಯದ ಫ್ಯಾಕ್ಟರಿಗಳಿಗೆ ಕೊಡುತ್ತಿದ್ದಳು. ವೈಟ್‌ಫೀಲ್ಡ್ ಕಡೆಯ ಪಿಜಿಗಳಿಂದ ದಿನಕ್ಕೆ ನಾನೂರು ರೊಟ್ಟಿಯ ಮಾತಾಗಿತ್ತು. ಬೇಕಾದದ್ದು ಮಲಗಲೂ ಬಡಿಯಲೂ ಆಗುವ ಒಂದೇ ರೂಮು.

"ಆರು ಚಾಪಿ ಖರೇನೇನೋ ತಮ್ಮಾ?"

"ಖರೇ ಯಕ್ಕಾ. ನಾನ ಹಾಸಿ ನೋಡೀನಿ."

"ಹಂಗಾದ್ರ ನಾಕು ಚಾಪಿ ನಾವು ಮಲಗಾಕ, ಎರಡು ಚಾಪಿ ಒಲಿಗೆ, ಹಿಟ್ಟಿಗೆ. ಬರೋಬ್ಬರಿ ಆತು ನೋಡು." ಫೋನಿನ ಫೋಟೋದ ಮೇಲೆ ತೋರುಬೆರಳನ್ನೇ ಚಾಪೆ ಮಾಡಿ ಇಟ್ಟು ಇಟ್ಟು ಅವಳು ಒಲೆಯ ಜಾಗವನ್ನೂ ಗುರುತು ಮಾಡಿಕೊಂಡಿದ್ದಳು. ಅಡ್ವಾನ್ಸು ಬಂತು. ಇದ್ದ ಮನೆ ಬಿಡುತ್ತೇನೆಂದು ಮಾಲೀಕನಿಗೆ ಹೇಳಿದಳು. ಎರಡು ವಾರ ಬಿಟ್ಟು ಬರುವ ಸೋಮವಾರಕ್ಕೆ ಟೆಂಪೋ ಗೊತ್ತಾಯಿತು.

ಆ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ, ಯಮನೂರ ಸಿಂಗಸಂದ್ರದಲ್ಲಿ ಜ್ಯೋತಿಲಕ್ಷ್ಮಿಯವರ ಕಟ್ಟಡದಲ್ಲಿದ್ದ. ಎರಡು ವರ್ಷದ ಹಿಂದೆ ಅವನೇ ಫೋಟೋ ತೆಗೆದಿದ್ದ ರೂಮು ಮತ್ತೆ ಖಾಲಿಯಾಗಿತ್ತು. ಒಂದಡಿಗೆ ಒಂದಡಿಯ ಬಿಳಿ ಟೈಲ್ಸಿನ ನೆಲ. ಚಾಪೆ ಹಾಸಿ, ಬಾಗಿಲಿಗೆ ಬಂದು ಫೋನು ಎತ್ತಿದವನು ಹಾಗೇ ನಿಂತ. ಉದ್ದಕ್ಕೆ ಆರು ಟೈಲ್ಸು ಮುಚ್ಚಬೇಕಾದ ಚಾಪೆ ಐದನ್ನು ಮುಚ್ಚಿ ಸುಮ್ಮನೆ ಬಿದ್ದಿತ್ತು. ಹಳೆಯ ಫೋಟೋ ತೆಗೆದು ನೋಡಿದ: ಆರು. ನೆಲ ನೋಡಿದ: ಐದು. ಹೋಗಿ ಚಾಪೆಯ ಮೇಲೆ ಮಲಗಿದ. ಹಿಮ್ಮಡಿ ಒಂದು ಅಂಚಿಗೆ ಇಟ್ಟರೆ ತಲೆ ತಣ್ಣನೆಯ ಟೈಲ್ಸಿನ ಮೇಲೆ.

ಕಾಫಿ ತಂದ ಜ್ಯೋತಿಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡಿದರು. "ಏನ್ರೀ ಇದು, ನೀವು ಬೆಳೆದ್ರಾ, ಚಾಪೆ ಕುಗ್ಗಿತಾ?"

"ಚಾಪೀರಿ" ಎಂದ ಯಮನೂರ, ಮಲಗಿದಲ್ಲಿಂದಲೇ.

"ಒಗೆದ್ರಾ? ಒಗೆಯೋದಿದ್ರೆ ತಣ್ಣೀರಲ್ಲಿ ಒಗೀಬೇಕು ಕಣ್ರೀ."

ಅವನು ನಗಲಿಲ್ಲ. ಇತ್ತೀಚೆಗೆ ಎಷ್ಟು ಕಡೆ ಹಾಸಿದ್ದೆ ಎಂದು ಯೋಚಿಸುತ್ತಿದ್ದ. ಹೆಚ್ಚಿನವು ಹಳೆಯ ರೂಮುಗಳು, ಲೆಕ್ಕ ಮೊದಲೇ ಗೊತ್ತಿದ್ದವು, ಹೊಸದಾಗಿ ಎಣಿಸಿರಲಿಲ್ಲ. ಹೊಸದಾಗಿ ಎಣಿಸಿದ್ದು ಒಂದೇ ಕಡೆ. ತೊಡೆಯ ತುಂಡು ಈಗ ಅರ್ಥವಾಯಿತು.

ಮನೆಗೆ ಬಂದು ಚಾಪೆಯನ್ನು ಬಿಚ್ಚಿ ಹಾಸಿ, ಟೇಪು ಹಿಡಿದು ಕೂತ. ಕೇಳುವ ಮೊದಲೇ ಸವಿತಾ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ಹಂಚು ಇಟ್ಟಿದ್ನಿ."

"ಯಾವಾಗ?"

"ಅಣ್ಣಾರು ಬಂದಾಗ, ಮೂರು ವಾರಾತು. ಕಂಡಾಪಟ್ಟಿ ಬೈತೀರಿ ಅಂತ ಹೇಳಲಿಲ್ಲ."

"ಬೈದಿದ್ರ ಏನಾಗ್ತಿತ್ತು? ಅರ್ಧ ತಾಸಿನ ಕೆಲಸ. ಈಗ ಆರುನೂರು ಮಂದಿ ನನ್ನ ಬೈತಾರ."

ಸವಿತಾ ಅಂಚಿನ ಹೊಲಿಗೆಯ ಮೇಲೆ ಕೈಯಾಡಿಸಿದಳು. "ನೀವು ದಿನಾ ಬಿಚ್ಚಿ ಹಾಸ್ತಿದ್ರಿ, ದಿನಾ ಸುತ್ತತಿದ್ರಿ. ನನ್ನ ಹೊಲಿಗಿ ಹೆಂಗೈತಿ ಅಂತ ಒಂದಿನಾನೂ ನೋಡಲಿಲ್ಲ" ಎಂದಳು. ಅವನು ಈಗ ಬಗ್ಗಿ ನೋಡಿದ. ಹೊಲಿಗೆ ಚೆನ್ನಾಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಶ್ಯಾಮಣ್ಣ ಜಗಲಿಯಲ್ಲಿ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ. ಪಕ್ಕದಲ್ಲಿ ಭದ್ರಮ್ಮ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಏನ್ಲಾ ಯಮ, ಇಂಗು ತಿಂದ ಮಂಗನಂಗೆ ಮಖ ಮಾಡ್ಕಂಡು ಬಂದಿದ್ದೀಯ?"

"ಅಣ್ಣಾರ, ನನ್ ಚಾಪಿ ಒಂದಡಿ ಕಡಿಮಿ ಐತ್ರಿ. ಗೊತ್ತಿರಲಿಲ್ಲ. ನಿಮ್ ರೂಮ್ ಹನ್ನೆರಡಡಿ ಅಲ್ರಿ, ಹತ್ತು."

"ನಂಗೊತ್ತಿಲ್ವೇನ್ಲಾ? ಕಟ್ಸಿದೋನು ನಾನು." ಶ್ಯಾಮಣ್ಣನ ನಗು ಅರ್ಧಕ್ಕೆ ನಿಂತಿತು. "ಅಂದ್ರೆ... ನೀನಾಗೇ ಕತ್ರಿ ಆಕಿರ್ನಿಲ್ವಾ? ಥೂ! ನಾನ್ ಬುದ್ಧಿ ಬಂತು ಅಂದ್ಕಂಡು ನಾಟಿಕೋಳಿ ಕುಯ್ಸಿದ್ನಲ್ಲೋ!"

"ಕೋಳಿ ವಾಪಸ್ ಕೊಡಾಕ ಬರಂಗಿಲ್ರಿ" ಎಂದ ಯಮನೂರ. "ಫೋಟೋ ವಾಪಸ್ ತಗೋತೀನಿ. ಬ್ಯಾರೆ ಹಾಕ್ತೀನಿ. ನಾಳಿ ರುಕ್ಮವ್ವ ಬರಾಕಿ."

"ಬರ್ಲಿ ಬಿಡು. ಸಾಮಾನ್ ಇಳ್ಸಿದ್ ಮ್ಯಾಕೆ ಯಾವೋನೂ ವಾಪಸ್ ಓಗಕಿಲ್ಲ ಕಣ್ಲಾ. ಟೆಂಪೋದೋನು ಇನ್ನೊಂದು ಬಾಡ್ಗೆ ಕೇಳ್ತಾನೆ, ಇದ್ದ ಮನೆಗೆ ಬ್ಯಾರೆಯೋರ್ ಬಂದಿರ್ತಾರೆ. ಒಂದೆಲ್ಡು ದಿನ ಗೊಣಗ್ತಾರೆ, ಆಮ್ಯಾಕೆ ಆಸ್ಗೆ ಇದ್ದಷ್ಟು ಕಾಲ್ ಚಾಚ್ತಾರೆ."

ಅದು ಸುಳ್ಳಲ್ಲ. ಅಗ್ರಹಾರದ ಅರ್ಧ ಬಾಡಿಗೆ ವ್ಯಾಪಾರ ನಿಂತಿರುವುದೇ ಆ ಸತ್ಯದ ಮೇಲೆ. ಮಲಕಪ್ಪನಂತೆ ಮರುಬಸ್ಸು ಹತ್ತುವವರು ನೂರಕ್ಕೊಬ್ಬರು.

"ನನ್ ನಲ್ವತ್ತು ರೂಮ್ ಬುಟ್ರೆ ನಿನ್ ಫೋನ್‌ನಾಗೆ ಏನೈತೆ? ನಿನ್ ಎಂಡ್ರು ಫೋಟೋ" ಎಂದ ಶ್ಯಾಮಣ್ಣ, ಈಗ ನಗದೆ. "ಇವತ್ತು ಆ ಫೋಟೋ ತೆಗುದ್ರೆ ನಾಳಿಂದ ಈ ಗೇಟ್ ತಾವ ಬರ್ಬ್ಯಾಡ."

ಯಮನೂರ ಚಾಪೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ನಲವತ್ತು ರೂಮು ಎಂದರೆ ಅವನ ಅರ್ಧ ಅನ್ನ. ಅವನ ಕಣ್ಣ ಮುಂದೆ ಬಂದದ್ದು ಮಾತ್ರ ಹೊಸ್ತಿಲಾಚೆ ನಿಂತ ಮಲಕಪ್ಪನ ಎರಡು ಪಾದ. "ಆಯ್ತ್ರಿ" ಎಂದ. "ಹೊಸಾ ಫೋಟೋ ತಗೊಂಡು ಹೋಗ್ಬಿಡ್ತೀನಿ. ಬೀಗದಕೈ ಕೊಡ್ರಿ."

ಶ್ಯಾಮಣ್ಣ ಕೊಡಲಿಲ್ಲ. ಎದ್ದದ್ದು ಭದ್ರಮ್ಮ. ಅವರೆಕಾಳಿನ ಮೊರ ಬದಿಗಿಟ್ಟು, ಸೊಂಟದಿಂದ ಬೀಗದ ಕೈ ಗೊಂಚಲು ಬಿಡಿಸಿದಳು.

"ಏನೇ ನಿಂದು?" ಎಂದ ಗಂಡ.

"ನಿಮ್ಮವ್ವ ರಾಗಿ ಅಳೀತಿದ್ದ ಸೇರಿನ ತಳ ಒಳೀಕ್ಕೆ ತಗ್ಗಿತ್ತಲ್ಲ, ಗ್ಯಾನ ಐತಾ? ತಗ್ಗಿದ್ದೋ, ತಗ್ಸಿದ್ದೋ, ಆ ದೇವ್ರಿಗೇ ಗೊತ್ತು. ನಾನ್ ಮದ್ವೆಯಾಗಿ ಬಂದಾಗ ಊರೋರು ನಮ್ಮನೇಗ್ ರಾಗಿ ತಕ್ಕಳಾಕೆ ಬರೋರು, ಕೈಯಾಗೆ ಅವ್ರವ್ರೇ ಸೇರು ಇಡ್ಕಂಡು. ನಾನು ನಾಚ್ಕೆಯಾಗಿ ಒಳೀಕ್ಕೆ ಓಗ್ತಿದ್ದೆ." ಆಮೇಲೆ ದನಿ ಇಳಿಸಿ, ವ್ಯಾಪಾರದ ಮಾತಿಗೆ ಬಂದಳು: "ಅಲ್ಲಾ, ಜನ ದುಡ್ ಆಕ್ತಿರದು ಯಾರ್ ಮಖ ನೋಡಿ? ನಿನ್ ಮಖ ನೋಡಾ? ಆ ಚಾಪೆ ನೋಡಿ. ಅದ್ರ ಮ್ಯಾಲಿನ್ ನಂಬ್ಕೆ ಓದ್ರೆ ನಿನ್ ಅನ್ನೆರಡು ರೂಮ್‌ನಾಗೆ ಇಲಿ ಮಲಗ್ತವೆ. ಬಾರೋ, ಯಮನೂರ."

ರೂಮಿನಲ್ಲಿ ಅವನು ಚಾಪೆ ಹಾಸಿದ, ಅದರ ಪಕ್ಕಕ್ಕೆ ಟೇಪು ಎಳೆದಿಟ್ಟ. ಆದರೂ ಸಮಾಧಾನವಾಗಲಿಲ್ಲ, ಚಾಪೆಯ ಮಾತನ್ನು ಇನ್ನು ಯಾರು ಕೇಳುತ್ತಾರೆ? ಫೋನನ್ನು ಭದ್ರಮ್ಮನ ಕೈಗೆ ಕೊಟ್ಟು, ಗೋಡೆಗೆ ತಲೆ ಒತ್ತಿ ತಾನೇ ನೆಲದ ಮೇಲೆ ಮಲಗಿದ. ಐದಡಿ ಏಳಂಗುಲದ ಆಳು. ಅವನನ್ನು ಊರಿನವರೆಲ್ಲ ನೋಡಿದ್ದಾರೆ. ಭದ್ರಮ್ಮ ತೆಗೆದ ಮೊದಲ ಫೋಟೋದಲ್ಲಿ ತಲೆ ಇರಲಿಲ್ಲ. ಎರಡನೆಯದರಲ್ಲಿ ಅವಳದೇ ಹೆಬ್ಬೆರಳು.

"ಅಮ್ಮಾರ, ಲೆನ್ಸ್ ಒರಸ್ರಿ. ಬಾಗಲದಾಗ ನಿಂದ್ರಿ. ಫೋನ್ ನೆಟ್ಟಗ ಹಿಡೀರಿ, ಗ್ವಾಡಿ ವಾಲಬಾರ್ದು."

"ನಿಂಗೆ ಕುಂತ್ರೂ ಗ್ವಾಡೆ, ಮಲಗಿದ್ರೂ ಗ್ವಾಡೆ. ಅಲ್ಲಾಡ್ಬ್ಯಾಡ."

ಐದನೆಯದು ಸರಿಬಂತು. ಗೋಡೆಗೆ ತಾಗಿದ ತಲೆ, ಕಾಲಿನಿಂದ ಬಾಗಿಲಿಗೆ ಉಳಿದ ಜಾಗ, ಎಲ್ಲ ಸ್ಪಷ್ಟ. ಕಿಟಕಿಯ ಬಿಸಿಲು ಅವನ ಹೊಟ್ಟೆಯ ಮೇಲೆ ಚೌಕವಾಗಿ ಬಿದ್ದಿತ್ತು. ಹಳೆಯದನ್ನು ಅಳಿಸದೆ, ಅದರ ಪಕ್ಕಕ್ಕೇ ಇದನ್ನು ಗುಂಪಿಗೆ ಹಾಕಿ, ಬಾಯಲ್ಲೇ ಹೇಳಿ ಕಳಿಸಿದ: "ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಚಾಪಿ ಮೂರು ವಾರದಿಂದ ಒಂದಡಿ ಸುಳ್ಳು ಹೇಳೈತಿ. ನನಗ ಗೊತ್ತಿರಲಿಲ್ಲ. ಆದ್ರ ಚಾಪಿ ನಂದ. ಶ್ಯಾಮಣ್ಣಾರ ಹೊಸಾ ರೂಮು ಆರು ಚಾಪಿ ಅಲ್ಲ, ನಾಕು."

ಉತ್ತರಗಳು ಬಂದವು. 'ಚಾಪಿಗೂ ಜಿಎಸ್‌ಟಿ ಕಟ್ಟಾತೇನೋ?' ಎಂದು ಒಬ್ಬ. 'ಅದರ ಜೋಡಿ ತಲಿದಿಂಬು ಫ್ರೀ ಐತೇನು?' ಎಂದು ಇನ್ನೊಬ್ಬ. ಹನ್ನೊಂದು ಜನ ಏನೂ ಹೇಳದೆ ಗುಂಪು ಬಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಲಕಪ್ಪ ಆ ಫೋಟೋದ ಕೆಳಗೆ ಬರೆದ: 'ಕಡೀಕೆ ನೀನೂ ಮಲ್ಕೊಂಡೆಲ್ಲೋ!' ಅದು ಕ್ಷಮೆಯೋ ತಮಾಷೆಯೋ ಯಮನೂರನಿಗೆ ಕೇಳಲು ಧೈರ್ಯವಾಗಲಿಲ್ಲ.

ಆಗಲೇ ಹೊಸ ಕಟ್ಟಡಕ್ಕೆ ಬಂದಿಳಿದವರೂ ಒಂದಿಷ್ಟು ಜನರಿದ್ದರು. ಮೂಲೆ ರೂಮಿನ ಸಿದ್ರಾಮ ಮತ್ತವನ ಐವರು ಜೊತೆಗಾರರ ಬಳಿಗೆ ಹೋಗಿ ತಪ್ಪೊಪ್ಪಿಕೊಂಡ. ಸಿದ್ರಾಮ ಕಣ್ಣುಜ್ಜಿಕೊಂಡು, "ಮೂರು ಮಂದಿ ಹಗಲ ಶಿಫ್ಟು, ಮೂರು ಮಂದಿ ರಾತ್ರಿ ಶಿಫ್ಟು. ನಮಗ ಮೂರ ಚಾಪಿ ಸಾಕು ಮಾರಾಯಾ, ಮಲಗಾಕ ಬಿಡು" ಎಂದು ಬಾಗಿಲು ಹಾಕಿಕೊಂಡ.

ರುಕ್ಮವ್ವನ ಫೋನು ಮಧ್ಯಾಹ್ನಕ್ಕೆ ಬಂತು. ಬೈಗುಳ ಹತ್ತು ನಿಮಿಷ. ಅವನ ಚಾಪೆಯಿಂದ ಹಿಡಿದು ಅವನ ಹುಟ್ಟೂರಿನ ನೀರಿನವರೆಗೆ ಯಾವುದನ್ನೂ ಬಿಡಲಿಲ್ಲ. ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ, "ಯಕ್ಕಾ, ಅಡ್ವಾನ್ಸ್ ಶ್ಯಾಮಣ್ಣಾರು ಕೊಡ್ಲಿಲ್ಲಂದ್ರ ನಾನ ಕೊಡ್ತೀನಿ" ಎಂದ.

"ರೊಕ್ಕ ತಗೊಂಡು ಅದರ ಮ್ಯಾಲ ಒಲಿ ಹೂಡ್ಲೇನು? ಮಂಗಳವಾರದಿಂದ ನಾನೂರು ರೊಟ್ಟಿ ಕೊಡ್ಬೇಕು ನಾನು." ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. "ನಾಕು ಚಾಪಿ ಪಕ್ಕಾನ?"

"ಪಕ್ಕಾ. ನಾನ ಮಲಗೀನಿ."

"ನೋಡೀನಿ, ಹೆಣಾ ಮಲಗಿದಂಗ ಮಲಗೀದಿ. ಮ್ಯಾಲ ಏನೈತಿ ಆ ಕಟ್ಟಡಕ್ಕ?"

"ಮಾಳಿಗಿ ಬಯಲೈತಿ. ನೀರಿನ ಟಾಕಿ ಐತಿ."

"ನೆಳ್ಳು?"

"ನೋಡಿ ಹೇಳ್ತೀನಿ. ಅಲ್ಲ, ತಗದ ಕಳಸ್ತೀನಿ."

ಮೂರು ಮಹಡಿ, ಕಾಲು ಎಳೆಯುತ್ತ ಎಳೆಯುತ್ತ ಹತ್ತಿದ. ಮೂರು ಗಂಟೆಗೆ ಒಂದು, ನಾಲ್ಕೂವರೆಗೆ ಒಂದು ಫೋಟೋ, ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಕಾಣುವಂತೆ. ಟ್ಯಾಂಕಿನ ಕೆಳಗಿನ ಜಾಗ, ಉದ್ದಕ್ಕೆ ಟೇಪು. ಶ್ಯಾಮಣ್ಣ ಒಟ್ಟಿಟ್ಟಿದ್ದ ತುಕ್ಕು ಕಂಬಿ, ಮೂರು ಒಡೆದ ಕಮೋಡು, ಪಕ್ಕದ ಮನೆಯ ಪಾರಿವಾಳದ ಹಿಕ್ಕೆ, ಯಾವುದನ್ನೂ ಬದಿಗೆ ಸರಿಸಲಿಲ್ಲ.

ರುಕ್ಮವ್ವ ಕಮೋಡು ಎಣಿಸಿ, ವಿಡಿಯೋ ಕಾಲಿನಲ್ಲಿ ನೇರ ಭದ್ರಮ್ಮನನ್ನೇ ಹಿಡಿದಳು. ಇಬ್ಬರು ಹೆಂಗಸರು ಚೌಕಾಸಿಗೆ ಕೂತರೆ ನಡುವೆ ಗಂಡಸರಿಗೆ ಕೆಲಸವಿಲ್ಲ. ನಾಲ್ಕು ಚಾಪೆಯ ರೂಮಿಗೆ ನಾಲ್ಕು ಚಾಪೆಯ ಬಾಡಿಗೆ. ಟ್ಯಾಂಕಿನ ಕೆಳಗೆ ಒಲೆ ಹೂಡಲು ಮೇಲೊಂದಿಷ್ಟು. ತಗಡು ಹೊದಿಸುವುದು ಮಾಲೀಕರು. ಕಮೋಡು ಸೋಮವಾರಕ್ಕೆ ಮೊದಲು ಇಳಿಯಬೇಕು. ಕೇಳಿಸಿಕೊಳ್ಳುತ್ತ ಕೂತಿದ್ದ ಶ್ಯಾಮಣ್ಣ ಬೆರಳು ಮಡಿಸಿ ನೋಡಿದ. ಪಾರಿವಾಳಕ್ಕೆ ಪುಕ್ಕಟೆ ಬಿಟ್ಟಿದ್ದ ಜಾಗಕ್ಕೆ ಬಾಡಿಗೆ ಬರುವುದು ಕಂಡು ಅವನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಮರ್ಯಾದೆಗಾಗಿ ಹದಿನೈದು ದಿನ ಇಟ್ಟುಕೊಂಡ. ಅಷ್ಟೂ ದಿನ ಯಮನೂರನನ್ನು ಗೇಟಿನೊಳಗೆ ಕರೆಯಲಿಲ್ಲ.

ಸೋಮವಾರ ಟೆಂಪೋ ಬಂತು. ರುಕ್ಮವ್ವ ಇಳಿದವಳೇ, ಗೇಟಿನ ಹೊರಗೆ ನಿಂತಿದ್ದ ಯಮನೂರನ ಕಡೆ ನೋಡದೆ, ತನ್ನದೇ ನಾಲ್ಕು ಚಾಪೆ ತೆಗೆದುಕೊಂಡು ಒಳಗೆ ಹೋಗಿ ಒಂದೊಂದಾಗಿ ಹಾಸಿದಳು. ನಾಲ್ಕನೆಯದು ಅಡ್ಡಕ್ಕೆ ಕೂತಿತು. ಹಿಟ್ಟಿನ ಡಬ್ಬಕ್ಕೂ ಜಾಗ ಉಳಿಯಿತು. "ನಾಕು" ಎಂದಳು, ಅಷ್ಟೇ. ಅವನು ಹಿಟ್ಟಿನ ಚೀಲಕ್ಕೆ ಕೈ ಹಾಕಲು ಹೋದಾಗ, "ಕುಂಟಗಾಲಾಗ ಬ್ಯಾಡ, ಬಿಡು" ಎಂದಳು. ಬೈಗುಳಕ್ಕಿಂತ ಅದು ಮೇಲು.

ಆ ವಾರವೇ ಅವನು ಹೊಸ ಚಾಪೆ ಕೊಳ್ಳಲು ಹೋದ. ಅಂಗಡಿಯವನು ಆರಡಿ ಎಂದ. ಯಮನೂರ ಅಲ್ಲೇ ರಸ್ತೆಬದಿಗೆ ಬಿಚ್ಚಿ ಹಾಸಿ ಟೇಪು ಹಿಡಿದ. ಐದೂಮುಕ್ಕಾಲು. ಇನ್ನೊಂದು ಬಿಚ್ಚಿಸಿದ, ಐದೂಮುಕ್ಕಾಲು. "ಆರಡಿ ಚಾಪೆ ಅಂದ್ರೆ ಈಗೆಲ್ಲಾ ಇಷ್ಟೇ ಬರೋದು ಗುರು" ಎಂದ ಅಂಗಡಿಯವನು, ಮಳೆ ಬೆಳೆಯ ವಿಷಯ ಹೇಳಿದಷ್ಟು ಸಲೀಸಾಗಿ. ಯಮನೂರ ಅದನ್ನೇ ಕೊಂಡ. ಮನೆಗೆ ತಂದು, ದಪ್ಪ ಮಾರ್ಕರಿನಿಂದ ಅಂಚಿನ ಮೇಲೆ, ಫೋಟೋದಲ್ಲಿ ಕಾಣುವಷ್ಟು ದೊಡ್ಡದಾಗಿ 'ಐದೂಮುಕ್ಕಾಲು' ಎಂದು ಬರೆದ. ಸವಿತಾ ಆ ಅಕ್ಷರದ ಮೇಲೆ ದಾರ ಹಾಕಿ ಹೊಲಿದಳು, ಒರೆಸಿ ಹೋಗದಂತೆ. ಐದಡಿಯ ಹಳೆಯ ಸವತಿ ಈಗ ನೆಲದ ಮೇಲೆ ಎಲ್ಲರೂ ಕೂರುವ ಚಾಪೆ.

ಹದಿನೈದು ದಿನ ತುಂಬಿದ ಮೇಲೆ ಶ್ಯಾಮಣ್ಣನೇ ಫೋನು ಮಾಡಿ ಕರೆದ. ಎರಡು ರೂಮು ಖಾಲಿ ಇದ್ದವು. ಹೊಸ ಚಾಪೆಯ ಸುದ್ದಿ ಅವನಿಗೂ ಮುಟ್ಟಿತ್ತು.

"ಓಸ ಚಾಪೆ ಮೂರಂಗ್ಲ ಕಮ್ಮಿ ಅಂತೆ?" ಎಂದ, ಹೆಗಲ ಮೇಲೆ ಕೈ ಹಾಕಿ. "ಅಂದ್ರೆ ರೂಮು ಒಸಿ ದೊಡ್ಡದಾಗೇ ಕಾಣ್ತದೆ, ಅಲ್ವಾ?"

ಯಮನೂರ ಚಾಪೆ ಬಿಚ್ಚಿ ಹಾಸಿದ. ಶ್ಯಾಮಣ್ಣ ಬಗ್ಗಿ, ಕನ್ನಡಕ ಏರಿಸಿ, ಅಂಚಿನ ಹೊಲಿಗೆಯನ್ನು ಅಕ್ಷರ ಅಕ್ಷರವಾಗಿ ಓದಿದ. ನಿಧಾನವಾಗಿ ನೆಟ್ಟಗಾದ.

"ಬರ್ದೇ ಬುಟ್ಯಾ?"

"ಬರದೀನ್ರಿ. ಸ್ವಲ್ಪ ಪಕ್ಕಕ್ಕ ಸರೀರಿ ಅಣ್ಣಾರ, ಕಿಡಕಿ ಬೆಳಕು ಅಡ್ಡ ಆಗ್ತೈತಿ."